ಅಂಬಾಸಿಡರಿನ ಟಾಪ್ ಲೈಟ್

ಫೆಬ್ರವರಿ 5, ಸೋಮವಾರ

ಬೆಳಿಗ್ಗೆ ಸಕ್ಕರೆ 171. ನಿನ್ನೆಯ ಮದುವೆ ಪಾಯಸದ ಕೃಪೆ. ಮುರ್ಶಿದಾಳಿಗೆ 148 ಎಂದು ಹೇಳಿದೆ. ಹೆಂಡತಿಗೆ ಇಷ್ಟು ಸುಳ್ಳು ಹೇಳಬಹುದು.

ಡಾಕ್ಟರು ಡೈರಿ ಇಡಲು ಹೇಳಿದ್ದು ಸಕ್ಕರೆ ಬರೆಯಲಿಕ್ಕೆ ಮಾತ್ರ. ಉಳಿದದ್ದು ನನ್ನ ಚಟ. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಬರೆಯುವಾಗ ಮಾತ್ರ ಶಾಲೆಯ ಕನ್ನಡ. ಯಾರೂ ಓದುವವರಿಲ್ಲ. ಒಳ್ಳೆಯದೇ ಆಯಿತು.

ನನ್ನ ಗಾಡಿ ವಯರಿಂಗಿನ ಅಂಗಡಿ ತೆರೆದಾಗ ಎಂಟೂವರೆ. ಎರಡು ರಿಕ್ಷಾದ ಹಾರ್ನ್, ಒಂದು ಪಿಕಪ್‌ನ ಇಂಡಿಕೇಟರ್. ಧೂಳು ವಿಪರೀತ. ಬಿ.ಸಿ.ರೋಡಿನಲ್ಲಿ ಈಗ ಉಸಿರಾಡುವುದೇ ಒಂದು ಕೆಲಸ.

ಹನ್ನೊಂದಕ್ಕೆ ಮೂಡುಬಿದಿರೆಯಿಂದ ಫೋನ್. ಚಿದಾನಂದ ಅಂತ, ಟೈಲ್ಸ್ ಅಂಗಡಿ ಇಟ್ಟವರು. ಅಪ್ಪನ ಕಾಲದ ಅಂಬಾಸಿಡರ್ ಉಂಟಂತೆ. ಇಂಜಿನ್, ಪೈಂಟ್ ಎಲ್ಲ ಆಗಿದೆ. ಒಳಗಿನ ಟಾಪ್ ಲೈಟ್ ಮಾತ್ರ ಇಲ್ಲ.

"ಎಲ್ಲಿ ಕೇಳಿದರೂ ಎಲ್‌ಇಡಿ ಪಟ್ಟಿ ಅಂಟಿಸಿ ಕೊಡ್ತೇವೆ ಹೇಳ್ತಾರೆ ರವೂಫಾಕ. ನನಗೆ ಅದು ಬೇಡ. ಮೊದಲು ಹೇಗಿತ್ತೋ ಹಾಗೇ ಆಗಬೇಕು. ಬಾಗಿಲು ತೆರೆದರೆ ಹತ್ತಬೇಕು, ಹಾಕಿದರೆ ಆರಬೇಕು."

ತಂದುಬಿಡಿ ಎಂದೆ. ಎಲ್‌ಇಡಿ ಪಟ್ಟಿಯಂತೆ. ಕಾರಾ ಅದು, ಐಸ್‌ಕ್ರೀಂ ಅಂಗಡಿಯಾ? ಹಳೆ ಗಾಡಿ ಎಂದರೆ ನನಗೆ ಈಗಲೂ ಬಾಯಲ್ಲಿ ನೀರು.

ಫೆಬ್ರವರಿ 7, ಬುಧವಾರ

ಸಕ್ಕರೆ 150.

ಕಾರು ಬಂತು. ಕೆನೆ ಬಣ್ಣ, ಹೊಸ ಪೈಂಟ್. ಬಾಗಿಲು ಹಾಕುವಾಗಿನ ಆ ದಪ್ಪ ಸದ್ದು... ಈಗಿನ ಕಾರುಗಳಿಗೆ ಎಲ್ಲಿ ಬರಬೇಕು. ಚಿದಾನಂದರಿಗೆ ಮೂವತ್ತೇಳು ಮೂವತ್ತೆಂಟು ಇರಬಹುದು. ಮರ್ಯಾದೆಯ ಮನುಷ್ಯ. ಟಾಪಿನ ಮಧ್ಯೆ ಲೈಟ್ ಇದ್ದ ಜಾಗವನ್ನು ಬೆರಳಿನಿಂದ ತೋರಿಸಿದರು. ಬಟ್ಟೆಯಿಂದ ಮುಚ್ಚಿದ್ದಾರೆ.

"ಇದು ಹೋಗಿ ಎಷ್ಟು ಸಮಯ ಆಯ್ತು?" ಕೇಳಿದೆ.

"ಇಪ್ಪತ್ತೊಂಬತ್ತು ವರ್ಷ. ಇದೇ ಬಿ.ಸಿ.ರೋಡಿನ ಯಾವುದೋ ಗ್ಯಾರೇಜಿನಲ್ಲಿ ಅಪ್ಪ ಹೊಸ ವಯರ್ ಎಳೆಸಿದ್ದರು. ಅದೇ ಸಂಜೆ ಮದುವೆಗೆ ಹೋಗುವಾಗ ಮಾಣಿ ಹತ್ತಿರ ಟಾಪಿನ ಬಟ್ಟೆಗೆ ಬೆಂಕಿ ಹಿಡಿಯಿತು. ನಾನು ಅಮ್ಮನ ಮಡಿಲಲ್ಲಿ ಮಲಗಿದ್ದೆ. ಬಟ್ಟೆ ಕರಗಿ ಬೀಳುವಾಗ ಅಮ್ಮ ನನ್ನ ತಲೆಗೆ ಕೈ ಅಡ್ಡ ಹಿಡಿದರು. ಮೊಣಕೈಯಿಂದ ಕೆಳಗೆ ಪೂರಾ ಸುಟ್ಟಿತು. ಆಮೇಲೆ ಅಪ್ಪ ಇರುವವರೆಗೆ ಲೈಟಿನ ಸುದ್ದಿ ಎತ್ತಲು ಬಿಡಲಿಲ್ಲ."

ಈಗ ಅಮ್ಮನೇ ಲೈಟ್ ಕೇಳುವುದಂತೆ. ಹರಿಣಾಕ್ಷಿಯಮ್ಮ. ಕಣ್ಣು ಮಂದ, ಸಂಜೆ ಭಜನೆಗೆ ಹೊರಡುವಾಗ ಕಾಲಿಡುವ ಜಾಗ ಕಾಣುವುದಿಲ್ಲ. "ಒಮ್ಮೆ ಕೈ ಸುಟ್ಟಿತು ಅಂತ ಒಲೆ ಹಚ್ಚುವುದು ಬಿಟ್ಟೆನಾ?" ಎಂದು ಕೇಳಿದರಂತೆ. ಮಾರ್ಚ್ ಎಂಟು ಶಿವರಾತ್ರಿ. ಆ ದಿನದ ಭಜನೆಗೆ ಇದೇ ಕಾರಿನಲ್ಲಿ ಹೋಗಬೇಕಂತೆ.

ಯಾವ ಗ್ಯಾರೇಜ್ ಎಂದು ನಾನು ಕೇಳಲಿಲ್ಲ.

ಅದೇ ದಿನ, ಸಂಜೆ 5

ಅಂಗಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಕಾರು ಎದುರಿಗೇ ಉಂಟು.

ಅವರು ಹೇಳಿದ್ದು ಉಸ್ಮಾನ್ ಮೇಸ್ತ್ರಿಯ ಗ್ಯಾರೇಜ್. ಅವರು ತೀರಿಹೋದರು, ಆ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಮೇಸ್ತ್ರಿ ನನ್ನ ಸೋದರಮಾವ, ಉಮ್ಮನ ತಮ್ಮ. ವಯರಿಂಗ್ ಕೆಲಸಕ್ಕೆ ಇಬ್ಬರಿದ್ದೆವು, ನಾನು ಮತ್ತು ನೋಣಯ್ಯ. ಅವನು ಎಡಗೈಯವನು. ನನಗಿಂತ ಮೂರು ವರ್ಷ ದೊಡ್ಡವನು, ಕೆಲಸದಲ್ಲಿ ಹತ್ತು ವರ್ಷ ದೊಡ್ಡವನು. ಈ ಕಾರಿನಲ್ಲಿ ಅವತ್ತು ಇಬ್ಬರೂ ಕೈ ಆಡಿಸಿದ್ದೆವು.

ಸುಟ್ಟ ಕಾರನ್ನು ಎಳೆದುಕೊಂಡು ಬಂದಾಗ ಮೇಸ್ತ್ರಿ ಫ್ಯೂಸ್ ಎಳೆದು ನೋಡಿದರು. ಫ್ಯೂಸಿಗೆ ತಾಮ್ರದ ಎಳೆ ಸುತ್ತಿತ್ತು. ಫ್ಯೂಸ್ ಇರುವುದೇ ತಾನು ಸತ್ತು ಗಾಡಿಯನ್ನು ಉಳಿಸಲಿಕ್ಕೆ. ಅದು ಪದೇ ಪದೇ ಹೋದರೆ ಎಲ್ಲಿ ತಪ್ಪಾಗಿದೆ ಎಂದು ಹುಡುಕಬೇಕು. ಹುಡುಕಲು ಪುರಸೊತ್ತಿಲ್ಲದಿದ್ದರೆ ತಂತಿಯ ಒಂದು ಎಳೆ ಸುತ್ತಿ ಕಳಿಸುವುದು — ಆಗ ಎಲ್ಲರೂ ಮಾಡುತ್ತಿದ್ದರು. ಈಗಲೂ ಮಾಡುತ್ತಾರೆ.

"ಯಾರು ಸುತ್ತಿದ್ದು?" ಮೇಸ್ತ್ರಿ ಕೇಳಿದರು. ನೋಣಯ್ಯ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಏಟು ಬಿದ್ದದ್ದು ನೋಣಯ್ಯನ ಕೆನ್ನೆಗೆ. ಸಂಬಂಧಿಕನಿಗೆ ಹೊಡೆಯಲು ಕೈ ಬರಬೇಕಲ್ಲ. ನೋಣಯ್ಯನ ಕೆಲಸ ಹೋಯಿತು. ಬಂಟ್ವಾಳದಿಂದ ಮಂಗಳೂರಿನವರೆಗೆ ಒಂದು ಗ್ಯಾರೇಜೂ ಅವನನ್ನು ಸೇರಿಸಲಿಲ್ಲ. ಹನ್ನೆರಡು ದಿನ ಕಳೆದು ನಾನು ಸೌದಿಯ ದಮ್ಮಾಮಿಗೆ ವಿಮಾನ ಹತ್ತಿದೆ.

ಫ್ಯೂಸಿಗೆ ತಂತಿ ಸುತ್ತಿದ್ದು ನಾನು.

ಬರೆದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು. ಆದರೆ ಸುಮ್ಮನೆ ಫ್ಯೂಸ್ ಹೋಗುವುದಿಲ್ಲವಲ್ಲ? ವಯರ್ ಎಲ್ಲೋ ತಗಡಿಗೆ ತಾಗಿರಬೇಕು. ಆ ವಯರ್ ಎಳೆದದ್ದು ನೋಣಯ್ಯನೇ ಇರಬೇಕು. ಅರ್ಧ ತಪ್ಪು ಅವನದು. ಇಷ್ಟು ವರ್ಷ ನಿದ್ದೆ ಬಂದದ್ದು ಈ ಅರ್ಧದ ಬಲದಿಂದ.

ಫೆಬ್ರವರಿ 10, ಶನಿವಾರ

ಸೀಟು ಹೊಲಿಯುವ ಅಬ್ದುಲ್ ವಹಾಬ್ ಬಂದು ಟಾಪಿನ ಬಟ್ಟೆ ಬಿಚ್ಚಿಕೊಟ್ಟ. ತಗಡಿನ ಮೇಲೆ ಇನ್ನೂ ಮಸಿ.

ಹಳೆ ವಯರನ್ನು ಮೇಲೆ ಕತ್ತರಿಸಿ ಬಿಟ್ಟಿದ್ದಾರೆ. ಉಳಿದದ್ದು ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ಹಾಗೇ ಉಂಟು. ಮೆಲ್ಲ ಎಳೆದೆ. ವಯರ್ ತೂತಿನಿಂದ ಹೊರಗೆ ಬರುವ ಜಾಗದಲ್ಲಿ ಕರಟಿದೆ. ತೂತಿನಲ್ಲಿ ರಬ್ಬರ್ ಬುಶ್ ಇಲ್ಲ. ಬೆರಳಿನ ಉಗುರಿನಷ್ಟು ದೊಡ್ಡ ಬಳೆ ಅದು; ಹಾಕದಿದ್ದರೆ ತಗಡಿನ ಅಂಚು ವಯರಿನ ಸಿಪ್ಪೆಯನ್ನು ಗರಗಸದ ಹಾಗೆ ಕೊಯ್ಯುತ್ತದೆ. ನೋಣಯ್ಯನೇ ನನಗೆ ಕಲಿಸಿದ್ದು, "ಬುಶ್ ಇಲ್ಲದೆ ತೂತು ದಾಟಿಸಬೇಡ ಮಾರಾಯ."

ಇನ್ನೂ ಎಳೆದೆ. ಒಂದು ಗೇಣು ಕೆಳಗೆ ಒಂದು ಜೋಡಣೆ ಬಂತು. ಮೇಲೆ ಕಪ್ಪು ಟೇಪ್.

ಟೇಪ್ ಸುತ್ತಿದ್ದು ಬಲಗೈಯಿಂದ.

ಎಡಗೈಯ ನೋಣಯ್ಯನ ಟೇಪ್ ಯಾವಾಗಲೂ ಉಲ್ಟಾ ಇರುತ್ತಿತ್ತು. ಅವನು ಸುತ್ತಿದ್ದನ್ನು ಬಿಚ್ಚುವಾಗ ನಾನು ಬೈಯುತ್ತಿದ್ದೆ. ಮೂರು ಸಲ ಬೆಳಕಿಗೆ ಹಿಡಿದು ನೋಡಿದೆ. ಹೊಸ ಟೇಪ್ ತೆಗೆದು ನಾನೇ ಒಂದು ತುಂಡು ವಯರಿಗೆ ಸುತ್ತಿ ಪಕ್ಕದಲ್ಲಿಟ್ಟೆ. ಅದೇ ಓರೆ, ಅದೇ ಕೊನೆಯ ಮಡಿಕೆ.

ಉಳಿದಿದ್ದ ಅರ್ಧವೂ ನನ್ನದೇ.

ಫೆಬ್ರವರಿ 11

ಅಂಗಡಿ ತೆರೆಯಲಿಲ್ಲ.

ಫೆಬ್ರವರಿ 16, ಶುಕ್ರವಾರ

ಜುಮಾದಲ್ಲಿ ಉಸ್ತಾದರು ರಂಜಾನ್ ನೋಂಬಿನ ತಯಾರಿಯ ಬಗ್ಗೆ ಹೇಳಿದರು. ಇನ್ನು ಇಪ್ಪತ್ತೈದು ದಿನವೂ ಇಲ್ಲ. ಅಲ್ಲಾಹನಿಗೆ ಮಾಡಿದ ತಪ್ಪನ್ನು ಅಲ್ಲಾಹನು ಮನ್ನಿಸಬಹುದು, ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಮನ್ನಿಸಬೇಕು. ಸಣ್ಣವನಿರುವಾಗಿನಿಂದ ಕೇಳಿದ ಮಾತು. ಇವತ್ತು ಎದ್ದು ಹೋಗುವ ಹಾಗಾಯಿತು.

ಮನೆಯಲ್ಲಿ ಅನ್ನ ಸೇರಲಿಲ್ಲ. ಮುರ್ಶಿದಾ ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು. ಎಲ್ಲ ಹೇಳಿಬಿಟ್ಟೆ. ನಮ್ಮ ಮದುವೆಗೂ ಮೊದಲಿನ ಕಥೆ. ಅಳುತ್ತಾಳೆ ಅಂದುಕೊಂಡಿದ್ದೆ.

"ಆ ನೋಣಯ್ಯ ಬದುಕಿದ್ದಾರಾ?"

"ಬೆಳ್ತಂಗಡಿಯಲ್ಲಿದ್ದಾನೆ. ರಬ್ಬರ್ ಟ್ಯಾಪಿಂಗ್ ಮಾಡ್ತಾನೆ."

"ನಿಮಗೆ ಹೇಗೆ ಗೊತ್ತು?"

ಗೊತ್ತು. ಎಂಟು ವರ್ಷದ ಹಿಂದೆ ಬೆಳ್ತಂಗಡಿ ಸಂತೆಯಲ್ಲಿ ಕಂಡಿದ್ದೆ. ಒಣಮೀನಿನ ಸಾಲಿನಲ್ಲಿ ನಿಂತಿದ್ದ. ನಾನು ಬಟ್ಟೆಯ ಸಾಲಿಗೆ ತಿರುಗಿದ್ದೆ.

"ಹಾಗಾದರೆ ಇಲ್ಲಿ ಕೂತು ನನ್ನ ಹತ್ತಿರ ಹೇಳಿ ಏನು ಪ್ರಯೋಜನ?" ಎಂದಳು. ತಟ್ಟೆ ಎತ್ತಿಕೊಂಡು ಹೋದಳು.

ಫೆಬ್ರವರಿ 19, ಸೋಮವಾರ

ಬೆಳ್ತಂಗಡಿ ಬಸ್ಸು. ಜೇಬಿನಲ್ಲಿ ಆ ಸುಟ್ಟ ವಯರಿನ ತುಂಡು, ಪೇಪರಿನಲ್ಲಿ ಸುತ್ತಿ. ಲಾಯಿಲದ ಹತ್ತಿರ ಇಳಿದು ನೋಣಯ್ಯನ ಮನೆ ಕೇಳಿದೆ. ಎರಡೇ ಕೋಣೆಯ ಮನೆ, ಚಂದ ಇಟ್ಟುಕೊಂಡಿದ್ದಾರೆ.

ಜಗಲಿಯಲ್ಲಿ ಒಬ್ಬ ಹೆಂಗಸು ಸ್ಟೂಲ್ ಹತ್ತಿ ಬಲ್ಬ್ ಬದಲಿಸುತ್ತಿದ್ದರು. ನೋಣಯ್ಯ ಕೆಳಗೆ ನಿಂತು ಸ್ಟೂಲ್ ಹಿಡಿದಿದ್ದ.

"ಬ್ಯಾರಿ! ಯಾವ ಗಾಳಿ ಬೀಸಿತು ಮಾರಾಯ ಈ ಕಡೆ?"

ನಗುತ್ತಾ ಎರಡೂ ಕೈ ಹಿಡಿದುಕೊಂಡ. ಅಂಗೈ ಕತ್ತಿ ಹಿಡಿದು ಹಿಡಿದು ಗಟ್ಟಿಯಾಗಿದೆ. ನೀಲಾವತಿ, ಹೆಂಡತಿ, ಚಾ ತಂದರು. ಸಕ್ಕರೆ ಬೇಡ ಎಂದು ಹೇಳುವ ಧೈರ್ಯವೂ ಬರಲಿಲ್ಲ. ಕುಡಿದೆ.

"ನೀನು ಬಲ್ಬ್ ಹಾಕುವುದಿಲ್ಲವಾ?" ಎಂದೆ. ಮಾತು ಶುರು ಮಾಡಬೇಕಿತ್ತಲ್ಲ.

"ಅದೆಲ್ಲ ನೀಲುವಿನ ಡಿಪಾರ್ಟ್‌ಮೆಂಟ್. ನಾನು ಕರೆಂಟ್ ಮುಟ್ಟುವುದಿಲ್ಲ. ಆ ಅಂಬಾಸಿಡರ್ ನೆನಪುಂಟಲ್ಲ ನಿನಗೆ?"

ನೆನಪುಂಟು ಎಂದೆ.

ಅವನು ಒಳಗೆ ಹೋದ. ಒಂದು ಸಣ್ಣ ಡಬ್ಬಿ ತಂದ. ಅದರಿಂದ ಒಂದು ರಬ್ಬರ್ ಬುಶ್ ತೆಗೆದು ನನ್ನ ಅಂಗೈಯಲ್ಲಿಟ್ಟ. ಒಣಗಿ ಬಿರುಕು ಬಿಟ್ಟಿದೆ.

"ಕೆಲಸದಿಂದ ಓಡಿಸಿದ ದಿನ ಮನೆಗೆ ಹೋಗಿ ಅಂಗಿ ಬಿಚ್ಚುವಾಗ ಜೇಬಿನಲ್ಲಿ ಇದು ಸಿಕ್ಕಿತು. ಮೇಸ್ತ್ರಿ ಹೊಡೆದಾಗ ನನಗೆ ಸಿಟ್ಟೇ ಬಂದಿತ್ತು. ಇದನ್ನು ನೋಡಿದ ಮೇಲೆ ಸಿಟ್ಟು ಇಳಿಯಿತು. ತೂತಿಗೆ ಹಾಕಬೇಕಾದ್ದನ್ನು ಜೇಬಿಗೆ ಹಾಕಿ ಮರೆತವನು ನಾನೇ ಅಲ್ವಾ? ಫ್ಯೂಸಿಗೂ ಯಾವುದೋ ಅವಸರದಲ್ಲಿ ನಾನೇ ಸುತ್ತಿರಬೇಕು. ನೆನಪಿಲ್ಲ. ಈ ಕೈಯಿಂದ ಒಂದು ಹೆಂಗಸಿನ ಕೈ ಸುಟ್ಟಿತು. ಆಮೇಲೆ ವಯರ್ ಮುಟ್ಟಿದರೆ ನಡುಕ ಬರ್ತದೆ."

ಮೂಡುಬಿದಿರೆಗೆ ಎರಡು ಸಲ ಹೋಗಿದ್ದನಂತೆ, ಹರಿಣಾಕ್ಷಿಯಮ್ಮನ ಹತ್ತಿರ ತಪ್ಪಾಯಿತು ಎಂದು ಹೇಳಲು. ಗೇಟಿನವರೆಗೆ ಹೋಗಿ ವಾಪಸು.

"ಬೆಲ್ ಒತ್ತಬೇಕಲ್ಲ ಮಾರಾಯ. ಅದೂ ಕರೆಂಟೇ," ಎಂದು ನಕ್ಕ.

ನಾನು ವಯರ್ ತೆಗೆಯಲಿಲ್ಲ. ಒಂದು ಬೊಂಡ ಕೆತ್ತಿ ಕೊಟ್ಟ, ಅದನ್ನೂ ಕುಡಿದೆ, ಎದ್ದು ಬಂದೆ. ನಾಚಿಕೆಗೆಟ್ಟವನು.

ಬಸ್ಸು ಮಡಂತ್ಯಾರು ದಾಟುವಾಗ ನೆನಪಾಯಿತು. ಎಲ್ಲವೂ ಒಟ್ಟಿಗೆ, ಸಿನಿಮಾ ನೋಡಿದ ಹಾಗೆ. ಆ ದಿನ ಶುಕ್ರವಾರ. ಗ್ಯಾರೇಜಿನಲ್ಲಿ ಅಂಗಿ ಬಿಚ್ಚಿ ಒಂದೇ ಮೊಳೆಗೆ ತೂಗುಹಾಕುತ್ತಿದ್ದೆವು. ಇಬ್ಬರದೂ ನೀಲಿ ಅಂಗಿ, ಮೇಸ್ತ್ರಿ ಒಂದೇ ಥಾನಿನಿಂದ ಹೊಲಿಸಿ ಕೊಟ್ಟದ್ದು. ಬುಶ್ ನನ್ನ ಕೈಯಲ್ಲಿತ್ತು. ಪಳ್ಳಿಯಿಂದ ಜುಮಾದ ಬಾಂಗ್ ಕೇಳಿತು. ಬಂದು ಹಾಕುವ ಎಂದು ಬುಶ್ಶನ್ನು ಮೊಳೆಯಲ್ಲಿದ್ದ ಅಂಗಿಯ ಜೇಬಿಗೆ ಹಾಕಿದೆ, ಕೈಕಾಲು ತೊಳೆದೆ, ಅಂಗಿ ಹಾಕಿಕೊಂಡು ಪಳ್ಳಿಗೆ ಓಡಿದೆ. ನಮಾಜು ಮುಗಿಸಿ ಜೇಬು ತಡಕಿದರೆ ಬುಶ್ ಇಲ್ಲ. ಸ್ಪೇರ್ ಅಂಗಡಿ ಬಾಗಿಲು ಹಾಕಿತ್ತು. ಕಾರಿನವರು ಸಂಜೆ ಮದುವೆಗೆ ಹೋಗಬೇಕೆಂದು ಗಡಿಬಿಡಿ ಮಾಡುತ್ತಿದ್ದರು. ಒಂದು ದಿನಕ್ಕೆ ಏನಾಗುತ್ತದೆ ಎಂದು ಬುಶ್ ಇಲ್ಲದೆಯೇ ವಯರ್ ದಾಟಿಸಿದೆ. ಎರಡು ಸಲ ಫ್ಯೂಸ್ ಹೋಯಿತು. ಸುತ್ತಿದೆ.

ಅವನ ಅಂಗಿಯ ಜೇಬಿಗೆ ನಾನು ಹಾಕಿದ ಬುಶ್ಶನ್ನು ಅವನು ಡಬ್ಬಿಯಲ್ಲಿಟ್ಟು ಕಾಪಾಡಿಕೊಂಡು ಬಂದಿದ್ದಾನೆ. ತನ್ನ ಪಾಪ ಎಂದು.

ಫೆಬ್ರವರಿ 28, ಬುಧವಾರ

ಸಕ್ಕರೆ 212.

ಚಿದಾನಂದರ ಫೋನ್. "ಅಮ್ಮ ದಿನಾ ಕೇಳ್ತಾರೆ ರವೂಫಾಕ. ಏಳನೇ ತಾರೀಕಿಗೆ ಸಿಕ್ಕಬಹುದಾ?" ಸಿಕ್ಕುತ್ತದೆ ಎಂದೆ. ನೀವು ಒಳ್ಳೆಯ ಕೆಲಸಗಾರರು ಅಂತ ಎಲ್ಲರೂ ಹೇಳ್ತಾರೆ ಎಂದರು.

ಹೇಳಿದರೆ ಏನಾಗಬಹುದು ಎಂದು ಯೋಚಿಸಿದೆ. ಅಂಗಡಿಗೆ ಜನ ಬರಲಿಕ್ಕಿಲ್ಲ. ಬಿ.ಸಿ.ರೋಡಿನಲ್ಲಿ ಸುದ್ದಿ ಬಸ್ಸಿಗಿಂತ ಬೇಗ ಓಡುತ್ತದೆ. ಹೇಳದಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಅದೇ ಹೆದರಿಕೆ. ಏನೂ ಆಗದೆ ನಾವಿಬ್ಬರೂ ಸಾಯುತ್ತೇವೆ, ನೋಣಯ್ಯ ಆ ಡಬ್ಬಿಯ ಸಮೇತ.

ಮಾರ್ಚ್ 3, ಭಾನುವಾರ

ಹೇಳಿದೆ.

ನೋಣಯ್ಯನ ಜಗಲಿಯಲ್ಲಿ ನಿಂತುಕೊಂಡೇ ಹೇಳಿದೆ, ಕೂರಲಿಲ್ಲ. ನೀಲಾವತಿಯಕ್ಕನೂ ಇರಲಿ ಎಂದೆ. "ಆ ಬುಶ್ ನಿನ್ನದಲ್ಲ ನೋಣಯ್ಯ. ನಿನ್ನ ಜೇಬಿಗೆ ಹಾಕಿದ್ದು ನಾನು, ನನ್ನ ಅಂಗಿ ಅಂತ ಎಣಿಸಿ. ವಯರ್ ಎಳೆದದ್ದು ನಾನು. ಫ್ಯೂಸಿಗೆ ಸುತ್ತಿದ್ದೂ ನಾನು. ಮೇಸ್ತ್ರಿ ಕೇಳುವಾಗ ಬಾಯಿ ಮುಚ್ಚಿ ನಿಂತದ್ದೂ ನಾನು."

ಪೇಪರ್ ಬಿಚ್ಚಿ ವಯರ್ ಕೊಟ್ಟೆ. ಮುಟ್ಟಲಿಕ್ಕಿಲ್ಲ ಅಂದುಕೊಂಡಿದ್ದೆ. ತೆಗೆದುಕೊಂಡ. ಎಡಗೈ ಹೆಬ್ಬೆರಳಿನಿಂದ ಟೇಪಿನ ಅಂಚನ್ನು ಸವರಿದ. ಒಂದು ಸಲ, ಎರಡು ಸಲ. ಅವನಿಗೆ ನಾನು ವಿವರಿಸಬೇಕಾಗಿರಲಿಲ್ಲ.

"ಯಾವಾಗ ಗೊತ್ತಾಯ್ತು ನಿನಗೆ?"

"ವಯರಿನದ್ದು ಈಗ. ಫ್ಯೂಸಿನದ್ದು ಅವತ್ತೇ."

"ಅವತ್ತೇ," ಎಂದ.

ಆಮೇಲೆ ಮಾತಾಡಿದ್ದು ನೀಲಾವತಿ. ಜೋರು ಮಾಡಲಿಲ್ಲ, ಮೆಲ್ಲನೇ ಹೇಳಿದರು. "ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ಎತ್ತಿಕೊಳ್ಳಲು ಹೆದರಿದರು ಇವರು. ನನ್ನ ಕೈ ಸರಿ ಇಲ್ಲ ನೀಲು, ನೀನೇ ಹಿಡಿದುಕೋ ಅಂದರು. ಸರಿ ಇಲ್ಲದ್ದು ಯಾರ ಕೈ, ನೀವೇ ಹೇಳಿ."

ನನ್ನದು ಎಂದೆ. ಕಣ್ಣೀರು ಬಂತು. ಒರೆಸಲಿಲ್ಲ. ತಪ್ಪಾಯಿತು, ಮನ್ನಿಸು ಎಂದೆ.

"ಅದನ್ನು ಈಗ ಕೇಳಬೇಡ. ಹೋಗು," ಎಂದ ನೋಣಯ್ಯ.

ಅಂಗಳ ದಾಟುವಾಗ ಹಿಂದಿನಿಂದ ಕೂಗಿದ. "ಆ ಅಮ್ಮನಿಗೆ ಹೇಳಿದೆಯಾ?"

"ಇಲ್ಲ."

ಅವನು ಒಳಗೆ ಹೋದ. ವಯರ್ ಅವನ ಕೈಯಲ್ಲೇ ಇತ್ತು.

ಮಾರ್ಚ್ 5, ಮಂಗಳವಾರ

ಹಿಂದಿನ ಬಾಗಿಲಿನ ಎರಡೂ ಸ್ವಿಚ್ ಕೂರಿಸಿದೆ. ಹಳೆಯ ತರದ್ದೇ ಗಾಜಿನ ಮುಚ್ಚಳದ ಲೈಟ್ ಗುಜರಿಯಲ್ಲಿ ಸಿಕ್ಕಿತು, ಉಜ್ಜಿದೆ. ವಯರ್ ಟಾಪಿನಲ್ಲಿ ಹಾಸಿದೆ. ಕಂಬದ ತೂತಿನ ಹತ್ತಿರ ನಿಲ್ಲಿಸಿದೆ. ಮುಂದೆ ಹೋಗಲು ಕೈ ಬರುವುದಿಲ್ಲ. ನನಗೂ ನಡುಕ ಶುರುವಾಯಿತಾ? ಸಕ್ಕರೆ ಇರಬಹುದು. ನೋಡಲಿಲ್ಲ.

ಮಾರ್ಚ್ 6, ಬುಧವಾರ

ಹತ್ತು ಗಂಟೆಗೆ ಶಟರಿನ ಹತ್ತಿರ ಯಾರೋ ನಿಂತರು. ನೋಣಯ್ಯ. ಬಿಳಿ ಅಂಗಿ, ಜೇಬಿನಲ್ಲಿ ಟೆಸ್ಟರ್.

"ನಿನ್ನ ಹತ್ತಿರ ಮಾತಿಗೆ ಬಂದದ್ದಲ್ಲ. ಕಾರು ತೋರಿಸು."

ತೋರಿಸಿದೆ. ಬ್ಯಾಟರಿಯ ವಯರ್ ಕಳಚಿದ್ದೇನೆ ಎಂದೆ. ನನ್ನ ಮಾತು ನಂಬದೆ ತಾನೇ ಬಾನೆಟ್ ಎತ್ತಿ ನೋಡಿದ. ಸರಿಯೇ. ಅಂಗಿ ಬಿಚ್ಚಿ ತೂಗುಹಾಕಲು ಮೊಳೆ ಹುಡುಕಿದ. ನನ್ನ ಅಂಗಿ ಇದ್ದ ಮೊಳೆ ನೋಡಿ, ತನ್ನದನ್ನು ಮಡಚಿ ಸೀಟಿನ ಮೇಲಿಟ್ಟ.

ಮೊದಲು ಬೆರಳು ನಡುಗುತ್ತಿತ್ತು. ವಯರಿನ ತುದಿ ಬಾಯಿಗೆ ಕೊಂಡುಹೋದ, ಸಿಪ್ಪೆ ತೆಗೆಯಲು. ನಾವು ಎಲ್ಲರೂ ಹಲ್ಲಿನಿಂದಲೇ ಸುಲಿಯುತ್ತಿದ್ದವರು. ಅಲ್ಲಿ ಹಲ್ಲಿಲ್ಲ. ಕೈ ಚಾಚಿದ. ಕಟ್ಟರ್ ಕೊಟ್ಟೆ. ಹೊಸ ಬುಶ್ಶುಗಳ ಡಬ್ಬಿ ಇಟ್ಟೆ. ಮೂರು ಬಿಟ್ಟು ನಾಲ್ಕನೆಯದನ್ನು ಆರಿಸಿ ತೂತಿಗೆ ಒತ್ತಿದ, ಸುತ್ತ ಉಗುರು ಆಡಿಸಿ ನೋಡಿದ. ಜೋಡಣೆ ಮಾಡಿದ. ಟೇಪ್ ಸುತ್ತಿದ, ಎಡಗೈಯಿಂದ. ಆಗ ನಡುಕ ಇರಲಿಲ್ಲ. ಹೊಸ ಫ್ಯೂಸನ್ನು ಬೆಳಕಿಗೆ ಹಿಡಿದು ನೋಡಿ ಹಾಕಿದ.

ಬ್ಯಾಟರಿ ಜೋಡಿಸಿದೆ. ಅವನು ಹಿಂದಿನ ಬಾಗಿಲು ತೆರೆದ. ಲೈಟ್ ಹತ್ತಿತು. ಹಳದಿ, ಹದವಾದ ಬೆಳಕು. ಬಾಗಿಲು ಹಾಕಿದ, ತೆರೆದ. ಎಷ್ಟು ಸಲವೋ. ಆಮೇಲೆ ಒಳಗೆ ಕೂತು, ಕಂಬಕ್ಕೆ ಅಂಗೈ ಒತ್ತಿ, ಅರ್ಧ ಗಂಟೆ ಬಿಸಿ ಬರುತ್ತದಾ ಎಂದು ನೋಡಿದ. ಬರಲಿಲ್ಲ. ಮುಖ ಆ ಕಡೆ ತಿರುಗಿಸಿದ್ದ. ಭುಜ ಅಲುಗುತ್ತಿತ್ತು. ನಾನು ಹೊರಗೆ ಹೋಗಿ ನಿಂತೆ.

ಮಧ್ಯಾಹ್ನ ವಹಾಬ್ ಬಟ್ಟೆ ಕೂರಿಸಿದ. ಹೊರಡುವಾಗ ನೋಣಯ್ಯ ಹೇಳಿದ, "ನಾಳೆ ನಾಲ್ಕಕ್ಕೆ ಬರ್ತೇನೆ. ಮೂಡುಬಿದಿರೆಗೆ ನಾನೂ ಉಂಟು. ಆ ಅಮ್ಮನ ಎದುರು ನೀನೇ ಹೇಳಬೇಕು. ನಾನು ಪಕ್ಕದಲ್ಲಿ ನಿಂತಿರ್ತೇನೆ. ನನ್ನ ಬಾಯಿಂದ ಹೇಳಿಸಬೇಡ."

ಮನ್ನಿಸಿದೆಯಾ ಎಂದು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಮಾರ್ಚ್ 7, ಗುರುವಾರ, ಸಂಜೆ 4

ಮುರ್ಶಿದಾ ಅಂಗಿಗೆ ಇಸ್ತ್ರಿ ಹಾಕಿ ಕೊಟ್ಟಳು. "ಮೆಲ್ಲ ಹೋಗಿ, ಪೂರಾ ಹೇಳಿ. ಅರ್ಧ ಹೇಳಿ ಬರಬೇಡಿ," ಎಂದಳು.

ಬಂಟ್ವಾಳ, ಸಿದ್ಧಕಟ್ಟೆ, ಮೂಡುಬಿದಿರೆ. ಮುಕ್ಕಾಲು ಗಂಟೆಯ ದಾರಿ. ಚಿದಾನಂದರಿಗೆ ಫೋನ್ ಮಾಡಿ ಅಮ್ಮನೂ ಮನೆಯಲ್ಲಿರಲಿ ಎಂದೆ. ಯಾಕೆ ಎಂದು ಕೇಳಿದರು. ಬಂದು ಹೇಳುತ್ತೇನೆ ಎಂದೆ. ಮೊದಲ ಮಾತು ಯಾವುದು? "ಅಮ್ಮಾ, ನಿಮ್ಮ ಕೈ..." ಅಲ್ಲ. ಅದನ್ನು ನೋಡಿಕೊಂಡು ಹೇಗೆ ಹೇಳಲಿ.

ನೋಣಯ್ಯ ಬಂದು ಕಾರಿನಲ್ಲಿ ಕೂತಿದ್ದಾನೆ. ನನ್ನ ಪಕ್ಕದ ಸೀಟಿನಲ್ಲಲ್ಲ, ಹಿಂದೆ. ಹಳೆಯ ಬುಶ್ಶಿನ ಆ ಡಬ್ಬಿಯನ್ನು ನನ್ನ ಸೀಟಿನ ಮೇಲಿಟ್ಟಿದ್ದಾನೆ. ಬಾ ಎಂದು ಕರೆಯುವುದಿಲ್ಲ. ಬಾಗಿಲೂ ಹಾಕುವುದಿಲ್ಲ. ಅವನ ತಲೆಯ ಮೇಲೆ ಲೈಟ್ ಉರಿಯುತ್ತಿದೆ. ಅಂಗಡಿಯೊಳಗೆ ಕೂತು ಬರೆಯುವ ನನಗೆ ಇಲ್ಲಿಂದ ಕಾಣುತ್ತದೆ. ಬ್ಯಾಟರಿ ಇಳಿಯುತ್ತದೆ ಮಾರಾಯ, ಬಾಗಿಲು ಹಾಕು ಎಂದು ಕೂಗಲು ಹೊರಟವನು... ಬೇಡ. ಉರಿಯಲಿ. ನಾನು ಎದ್ದು ಹೋಗುವವರೆಗೂ ಅವನು ಬಾಗಿಲು ಹಾಕುವುದಿಲ್ಲ. ಅಮ್ಮಾ, ಆ ದಿನ ನಿಮ್ಮ ಕಾರಿಗೆ ವಯರ್ ಎಳೆದವನು —